ಪ್ರಾಸ್ಟೇಟ್‌ಗೆ ರೇಡಿಯೇಷನ್: ನೀರಿನ ಬಾಟಲಿ ಜೊತೆಗಿರಲಿ

ನಮ್ಮ ಮಾವನವರ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುತ್ತಿದ್ದ ರೇಡಿಯೇಷನ್‌ನ ಮೂರನೇ ದಿನ. ಮೇಜಿನ ಮೇಲೆ ಮಲಗಿಸಿ ಸ್ಕ್ಯಾನ್ ನೋಡಿದ ಹುಡುಗ ಅವರನ್ನು ಎಬ್ಬಿಸಿ ಹೊರಗೆ ಕಳಿಸಿದ. ‘ಗ್ಯಾಸ್ ತುಂಬಿದೆ ಯಜಮಾನ್ರೇ, ಸ್ವಲ್ಪ ಓಡಾಡಿ, ಟಾಯ್ಲೆಟ್‌ಗೆ ಹೋಗಿ ಬನ್ನಿ.’ ಹಿಂದಿನ ರಾತ್ರಿ ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು!

ಇಷ್ಟು ಕಟ್ಟುನಿಟ್ಟು ಯಾಕೆ? ಪ್ರಾಸ್ಟೇಟ್ ಎಂಬ ಈ ಗಂಡಸರ ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ, ಗುದನಾಳಕ್ಕೆ ಅಂಟಿಕೊಂಡ ಹಾಗೆ. ಗುದನಾಳದಲ್ಲಿ ಮಲ, ಗ್ಯಾಸ್ ಇದ್ದರೆ ಗ್ರಂಥಿ ಜರುಗುತ್ತದೆ, ಗುರಿ ತಪ್ಪುತ್ತದೆ. ಮೂತ್ರಕೋಶ ತುಂಬಿದ್ದರೆ ಅದರ ಹೆಚ್ಚಿನ ಭಾಗ ಮತ್ತು ಸಣ್ಣ ಕರುಳು ಕಿರಣದ ದಾರಿಯಿಂದ ಮೇಲಕ್ಕೆ ಸರಿಯುತ್ತವೆ. ಹಿಂದೆ ಖಾಲಿ, ಮುಂದೆ ಭರ್ತಿ. ಇಷ್ಟೇ ಸೂತ್ರ.

ಮೊದಲು ಪ್ಲಾನಿಂಗ್ ಸಿ.ಟಿ. (ಕಿರಣ ಎಲ್ಲಿ ಬೀಳಬೇಕು ಎಂದು ಲೆಕ್ಕ ಹಾಕುವ ಸ್ಕ್ಯಾನ್) ಮಾಡುತ್ತಾರೆ, ಚರ್ಮದ ಮೇಲೆ ಗುರುತು ಹಾಕುತ್ತಾರೆ. ಆ ದಿನ ಹೊಟ್ಟೆ ಹೇಗಿತ್ತೋ ಮುಂದೆ ದಿನಾ ಹಾಗೇ ಇರಬೇಕು. ಮಲಬದ್ಧತೆ ಇದ್ದರೆ ಅದಕ್ಕೂ ಮೊದಲೇ ಹೇಳಿ ಔಷಧಿ ಕೇಳಿ. ಕಾಳು, ಎಲೆಕೋಸು, ಸೋಡಾ ಸ್ವಲ್ಪ ದಿನ ದೂರ ಇರಲಿ. ಆಯುಷ್ಮಾನ್ ಕಾರ್ಡ್ ಇದ್ದವರು ಚಿಕಿತ್ಸೆ ಶುರುವಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಆ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಾಣಿ.

ವಾರಕ್ಕೆ ಐದು ದಿನ, ನಾಲ್ಕು ವಾರ, ಒಟ್ಟು 20 ಸಲ ಕೊಡುವುದು ಈಗ ಸಾಮಾನ್ಯ. ಕೆಲವರಿಗೆ 39 ಸಲದವರೆಗೂ ಆಗಬಹುದು, ಕೆಲವರಿಗೆ ಐದೇ ಸಲ.

ಇನ್ನು ನೀರು. ಮೂತ್ರಕ್ಕೆ ಹೋಗಿ ಬಂದು, ಸುಮಾರು ಅರ್ಧ ಲೀಟರ್ ಕುಡಿದು, ಅರ್ಧದಿಂದ ಒಂದು ಗಂಟೆ ಕಾಯಬೇಕು. ನಿಮ್ಮ ಆಸ್ಪತ್ರೆಯವರು ಹೇಳುವ ಲೆಕ್ಕವೇ ಅಂತಿಮ. ದಿನಾ ಅದೇ ಸ್ಟೀಲ್ ಬಾಟಲಿ ಒಯ್ದರೆ ಅಳತೆ ತಪ್ಪುವುದಿಲ್ಲ. ಆದರೆ ಬಾಟಲಿ ಎತ್ತುವ ಮುಂಚೆ ‘ಮೆಷಿನ್ ಟೈಮಿಗೆ ಸರಿಯಾಗಿದೆಯಾ?’ ಎಂದು ಕೇಳಿ. ಒಂದು ದಿನ ಮಾವ ನೀರು ಕುಡಿದು ಮುಗಿಸಿದ ಮೇಲೆ ಮೆಷಿನ್ ಕೆಟ್ಟಿತು. ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ, ಗಡಿಯಾರ ನೋಡುತ್ತಾ ಒಂದೂವರೆ ಗಂಟೆ! ತಡೆಯಲಾಗದಿದ್ದರೆ ಬಾಯಿ ಬಿಟ್ಟು ಹೇಳಿ. ಹೋಗಿ ಬಂದು ಮತ್ತೆ ಕುಡಿದರಾಯಿತು.

ಮೇಜಿನ ಮೇಲೆ ಹತ್ತು-ಹದಿನೈದು ನಿಮಿಷ. ನೋವಿಲ್ಲ. ಹೊರಗಿನ ಮೆಷಿನ್‌ನಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಿ.

ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಎರಡು-ಮೂರನೇ ವಾರದಲ್ಲಿ. ಉರಿಮೂತ್ರ, ರಾತ್ರಿ ನಾಲ್ಕೈದು ಸಲ ಏಳುವುದು, ಭೇದಿ, ಸುಸ್ತು. ಉರಿಗೆ ಹೆದರಿ ನೀರು ಕಡಿಮೆ ಮಾಡುವವರೇ ಜಾಸ್ತಿ. ಅದು ತಪ್ಪು, ಮೂತ್ರ ಗಟ್ಟಿಯಾದಷ್ಟೂ ಉರಿ ಹೆಚ್ಚು. ಹಗಲು ಚೆನ್ನಾಗಿ ಕುಡಿದು, ಸಂಜೆ ಮೇಲೆ ಕಡಿಮೆ ಮಾಡಿ. ಸ್ಟ್ರಾಂಗ್ ಕಾಫಿಯನ್ನೂ. (ಮಾವ ಇದಕ್ಕೆ ಮಾತ್ರ ಒಪ್ಪಲಿಲ್ಲ.) ಭೇದಿಯಾದರೆ ಮಜ್ಜಿಗೆ ಅನ್ನ, ಬಾಳೆಹಣ್ಣು, ಖಾರ ಕಮ್ಮಿ. ಸುಸ್ತು ಅಂತ ಮಲಗಿಯೇ ಇರಬೇಡಿ, ಬೆಳಿಗ್ಗೆ ಒಂದು ಸುತ್ತು ನಡೆದರೆ ವಾಸಿ. ಇವೆಲ್ಲ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಬಹುತೇಕರಿಗೆ ಇಳಿಯುತ್ತವೆ. ಮೂತ್ರ ಪೂರ್ತಿ ಕಟ್ಟಿಕೊಂಡರೆ, ಚಳಿಜ್ವರ ಬಂದರೆ, ಮೂತ್ರದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡರೆ ಮಾತ್ರ ಬೆಳಗಾಗುವವರೆಗೆ ಕಾಯಬೇಡಿ.

ಗಂಡಸರು ಬಾಯಿ ಬಿಡದ ವಿಷಯವೂ ಒಂದಿದೆ. ನಿಮಿರುವಿಕೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಕುಗ್ಗಬಹುದು. ಔಷಧಿ ಇದೆ, ಡಾಕ್ಟರನ್ನು ಕೇಳಿ. ಅಂಗಡಿಯಿಂದ ನೀವೇ ತರಬೇಡಿ, ಹೃದಯದ ಕೆಲವು ಮಾತ್ರೆಗಳ ಜೊತೆ ಅದು ಅಪಾಯ.

ಪಿ.ಎಸ್.ಎ. (ಪ್ರಾಸ್ಟೇಟ್ ಕಾಯಿಲೆಯ ಮೇಲೆ ಕಣ್ಣಿಡಲು ರಕ್ತದಲ್ಲಿ ನೋಡುವ ಅಂಶ) ಕೂಡ ಆಪರೇಷನ್ ಆದವರ ಹಾಗೆ ಥಟ್ಟನೆ ಬೀಳುವುದಿಲ್ಲ. ಪೂರ್ತಿ ಕೆಳಗಿಳಿಯಲು ಒಂದೂವರೆ-ಎರಡು ವರ್ಷವೂ ಹಿಡಿಯಬಹುದು.

ವರ್ಷ ಕಳೆದ ಮೇಲೂ ಮಲದಲ್ಲಿ ರಕ್ತ ಕಾಣಿಸಬಹುದು. ಮೂಲವ್ಯಾಧಿ ಎಂದು ಸುಮ್ನೆ ಕೂರಬೇಡಿ. ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕೊಳವೆ ಬಿಟ್ಟು ನೋಡುವ ಪರೀಕ್ಷೆ) ಮಾಡಿಸುವಾಗ ರೇಡಿಯೇಷನ್ ಆಗಿರುವುದನ್ನು ಮೊದಲೇ ಹೇಳಿ. ಕಿರಣ ಬಿದ್ದ ಜಾಗದಿಂದ ಪರೀಕ್ಷೆಗೆಂದು ಚೂರು ಕತ್ತರಿಸಿದರೆ ಗಾಯ ಬೇಗ ಮಾಯುವುದಿಲ್ಲ. ಮಾವ ತಮ್ಮ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದಾರೆ: ‘ರೇಡಿಯೇಷನ್ ಆಗಿದೆ, ನೋಡಿ ಮುಟ್ಟಿ.’