ವಾಟರ್‌ಟೌನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಅರ್ಮೇನಿಯನ್ ಇವ್ಯಾಂಜೆಲಿಕಲ್ ಸಭೆಯ ಸೇವಾಕಾರ್ಯವನ್ನು ಅರಿಯಲು

ಬಾಸ್ಟನ್ ಸುತ್ತಮುತ್ತ ಕೆಲಸಕ್ಕೆಂದು ಬಂದು ಬಾಡಿಗೆಮನೆ ಹುಡುಕುವ ಕನ್ನಡಿಗರಲ್ಲಿ ಹಲವರು ಕೊನೆಗೆ ವಾಟರ್‌ಟೌನಿನಲ್ಲಿ ನೆಲೆಯೂರುತ್ತಾರೆ. ಹಾರ್ವರ್ಡ್ ಸ್ಕ್ವೇರಿನಿಂದ ಮೌಂಟ್ ಆಬರ್ನ್ ಬೀದಿ ಹಿಡಿದು ಬರುವ 71ನೇ ನಂಬರಿನ ಬಸ್ಸಿನಲ್ಲಿ ಕುಳಿತರೆ, ಪೂರ್ವ ವಾಟರ್‌ಟೌನ್ ಸಮೀಪಿಸುತ್ತಿದ್ದಂತೆ ಅಂಗಡಿಗಳ ಫಲಕಗಳಲ್ಲಿ ಅರ್ಮೇನಿಯನ್ ಲಿಪಿ ಕಾಣಿಸತೊಡಗುತ್ತದೆ. ಹಿಂದೆ ಇಲ್ಲಿ ನಡೆಯುತ್ತಿದ್ದ ಹುಡ್ ರಬ್ಬರ್ ಕಾರ್ಖಾನೆ ನೂರಾರು ಅರ್ಮೇನಿಯನ್ ವಲಸಿಗರಿಗೆ ಕೆಲಸ ಕೊಟ್ಟಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಊರನ್ನು ಬಿಡಲಿಲ್ಲ. ಇದೇ ಊರಿನ ಬಿಗೆಲೋ ಅವೆನ್ಯೂವಿನಲ್ಲಿ ಅರ್ಮೇನಿಯನ್ ಮೆಮೋರಿಯಲ್ ಚರ್ಚ್ ಇದೆ. ಅದು ಇವ್ಯಾಂಜೆಲಿಕಲ್, ಎಂದರೆ ಪ್ರೊಟೆಸ್ಟಂಟ್ ಪರಂಪರೆಗೆ ಸೇರಿದ ಸಭೆ. ನೆರೆಯ ಬೆಲ್ಮಾಂಟಿನಲ್ಲಿಯೂ ಅದೇ ಪರಂಪರೆಯ ಇನ್ನೊಂದು ಸಭೆಯಿದೆ.

ಈ ಸಭೆಗಳವರು ಲೆಬನಾನ್, ಸಿರಿಯಾ ಮತ್ತು ಅರ್ಮೇನಿಯಾದ ಶಾಲೆಗಳಿಗಾಗಿ, ಮಕ್ಕಳಿಗಾಗಿ, ವೃದ್ಧರಿಗಾಗಿ ವರ್ಷವಿಡೀ ಹಣ ಕೂಡಿಸುತ್ತಾರೆ. ನೆರೆಹೊರೆಯವರಾದ ನಮ್ಮವರು ಅದನ್ನು ಕಂಡು, ನಾವೂ ಏನಾದರೂ ಮಾಡಬಹುದೇ ಎಂದು ನನ್ನನ್ನು ಕೇಳುತ್ತಿರುತ್ತಾರೆ. ಮಂಗಳೂರಿನ ಬಾಸೆಲ್ ಮಿಷನ್ ಪರಂಪರೆಯಲ್ಲಿ ಬೆಳೆದು, ಬಹುಕಾಲದಿಂದ ಇಲ್ಲಿ ನೆಲೆಸಿ, ಈ ಸಭೆಗಳವರ ಒಡನಾಟದಲ್ಲಿರುವ ನಾನು ಹಾಗೆ ಕೇಳುವವರಿಗೆ ಮೊದಲು ಹೇಳುವ ಮಾತು ಒಂದೇ: ಇವರ ಸೇವೆಯೆಲ್ಲ ಒಂದು ಶಾಲೆಯ, ಒಂದು ಊರಿನ, ಒಂದು ಮಗುವಿನ ಬೆನ್ನಿಗೆ ವರ್ಷಗಟ್ಟಲೆ ನಿಲ್ಲುವ ಪದ್ಧತಿಯ ಮೇಲೆ ನಡೆಯುತ್ತದೆ, ಆದ್ದರಿಂದ ನಿಮ್ಮಿಂದಾಗುವುದು ಚಿಕ್ಕದಾದರೂ ಚಿಂತೆಯಿಲ್ಲ, ಅದು ದೀರ್ಘಕಾಲ ನಡೆಯುವಂತಿರಲಿ. ಹಾಗೇಕೆ ಎಂಬುದನ್ನು ತಿಳಿಯಲು ಅವರ ಚರಿತ್ರೆಯನ್ನು ಸ್ವಲ್ಪ ನೋಡಲೇಬೇಕು.

ಅರ್ಮೇನಿಯನ್ನರಲ್ಲಿ ಬಹುಪಾಲು ಜನರು ತಮ್ಮ ಪ್ರಾಚೀನ ಅಪೊಸ್ತಲಿಕ ಸಭೆಗೆ ಸೇರಿದವರು. ವಾಟರ್‌ಟೌನಿನಲ್ಲಿ ಸೇಂಟ್ ಜೇಮ್ಸ್, ಸೇಂಟ್ ಸ್ಟೀಫನ್ಸ್ ಎಂಬ ಚರ್ಚುಗಳು ಆ ಸಭೆಯವು. ಇವ್ಯಾಂಜೆಲಿಕಲ್ ಸಭೆ ಅದರೊಳಗಿನ ಸುಧಾರಣೆಯ ಚಳವಳಿಯಿಂದ ಹುಟ್ಟಿತು. ಬಾಸ್ಟನ್ನಿನ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆ ತನ್ನ ಮೊದಲ ಸೇವಕರನ್ನು ಕಳುಹಿಸಿದ್ದು ನಮ್ಮ ದೇಶಕ್ಕೆ. ಅವರು 1813ರಲ್ಲಿ ಮುಂಬಯಿಯಲ್ಲಿ ಕೆಲಸ ಆರಂಭಿಸಿದರು. ಅದೇ ಬೋರ್ಡಿನ ವಿಲಿಯಂ ಗುಡೆಲ್ 1831ರಲ್ಲಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ತಲುಪಿದರು. ಅಲ್ಲಿ ಬೈಬಲನ್ನು ಆಡುಮಾತಿನಲ್ಲಿ ಓದಬೇಕೆಂದು ಹಂಬಲಿಸುತ್ತಿದ್ದ ಅರ್ಮೇನಿಯನ್ನರ ಗುಂಪೊಂದು ಕ್ರಮೇಣ ಬೆಳೆಯಿತು. 1846ರ ಜನವರಿಯಲ್ಲಿ ಅಲ್ಲಿನ ಅಪೊಸ್ತಲಿಕ ಸಭೆಯ ಮುಖ್ಯ ಧರ್ಮಾಧ್ಯಕ್ಷರು (ಪೇಟ್ರಿಯಾರ್ಕ್) ಅವರನ್ನು ಬಹಿಷ್ಕರಿಸಿದರು. ಆ ಕಾಲದ ಉಸ್ಮಾನಿ (ಒಟ್ಟೋಮನ್) ಸಾಮ್ರಾಜ್ಯದಲ್ಲಿ ಮದುವೆ, ಶವಸಂಸ್ಕಾರ, ವ್ಯಾಪಾರದ ಪರವಾನಗಿ ಎಲ್ಲವೂ ಅವರವರ ಮತದ ಮುಖಂಡರ ಮೂಲಕವೇ ನಡೆಯಬೇಕಿದ್ದುದರಿಂದ, ಬಹಿಷ್ಕಾರಕ್ಕೆ ಒಳಗಾದವನಿಗೆ ಬದುಕುವ ದಾರಿಯೇ ಮುಚ್ಚಿಹೋಗುತ್ತಿತ್ತು. ಅದೇ ವರ್ಷದ ಜುಲೈ 1ರಂದು 37 ಗಂಡಸರು, 3 ಹೆಂಗಸರು ಸೇರಿ ಆ ನಗರದ ಪೇರಾ ಬಡಾವಣೆಯಲ್ಲಿ ಮೊದಲ ಸಭೆಯನ್ನು ಸ್ಥಾಪಿಸಿದರು. 1850ರಲ್ಲಿ ಸುಲ್ತಾನನ ಫರ್ಮಾನು ಪ್ರೊಟೆಸ್ಟಂಟರನ್ನು ಪ್ರತ್ಯೇಕ ಸಮುದಾಯವೆಂದು ಅಂಗೀಕರಿಸಿತು.

ಈ ಚರಿತ್ರೆಯಲ್ಲಿ ಮಂಗಳೂರಿಗೂ ಒಂದು ಎಳೆ ಇದೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಅದಕ್ಕೆ ಸುಮಾರು ಒಂದು ದಶಕ ಮೊದಲೇ ಕಾಕಸಸ್ ಪರ್ವತಸೀಮೆಯ ಶುಶಿ ಎಂಬ ಊರಿನಲ್ಲಿ ಕೆಲಸ ಆರಂಭಿಸಿತ್ತು. ಫೆಲಿಷಿಯನ್ ಜರೆಂಬಾ, ಆಗಸ್ಟ್ ಡಿಟ್ರಿಚ್ ಮೊದಲಾದವರು ಅಲ್ಲಿ ಶಾಲೆ ತೆರೆದರು, ಅಚ್ಚುಕೂಟ ನಡೆಸಿದರು, ಹೊಸ ಒಡಂಬಡಿಕೆಯನ್ನು ಪೂರ್ವ ಅರ್ಮೇನಿಯನ್ ಆಡುಭಾಷೆಗೆ ತರಲು ದುಡಿದರು. 1835ರಲ್ಲಿ ರಷ್ಯಾದ ಒಂದನೇ ನಿಕೊಲಾಸ್ ದೊರೆಯ ಆಜ್ಞೆಯಿಂದ ಆ ಕೆಲಸ ನಿಂತುಹೋಯಿತು. ಕನ್ನಡಕ್ಕೆ ಮೊದಲ ಪತ್ರಿಕೆಯನ್ನೂ ಕಿಟ್ಟೆಲ್ ಅವರ ನಿಘಂಟನ್ನೂ ಕೊಟ್ಟ ಸಂಸ್ಥೆಯೇ ಅತ್ತ ಅರ್ಮೇನಿಯನ್ನರ ಆಡುಮಾತಿಗೂ ಅಚ್ಚಿನ ರೂಪ ಕೊಡಲು ಹೊರಟಿತ್ತು. ಇಲ್ಲಿನ ಹಿರಿಯರೊಡನೆ ಮಾತನಾಡುವಾಗ ಈ ಸಂಗತಿಯನ್ನು ಪ್ರಸ್ತಾಪಿಸಿದರೆ, ಶುಶಿಯ ಹೆಸರು ಕೇಳಿದೊಡನೆ ಅವರ ಮುಖಭಾವ ಬದಲಾಗುವುದನ್ನು ಕಾಣುವಿರಿ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಉಸ್ಮಾನಿ ಸಾಮ್ರಾಜ್ಯದಲ್ಲಿ 1915ರಲ್ಲಿ ಆರಂಭವಾದ ನರಮೇಧದಲ್ಲಿ ಸುಮಾರು 15 ಲಕ್ಷ ಅರ್ಮೇನಿಯನ್ನರು ಸತ್ತರೆಂದು ಅಂದಾಜು. ಇಂದಿನ ತುರ್ಕಿಯಲ್ಲಿರುವ ಐಂತಾಬ್, ಹರ್ಪುತ್, ಮರ್ಜಿಫೋನ್‌ಗಳಲ್ಲಿ ಕಟ್ಟಿ ಬೆಳೆಸಿದ ಕಾಲೇಜುಗಳು, ನೂರಕ್ಕೂ ಮಿಕ್ಕಿದ ಇವ್ಯಾಂಜೆಲಿಕಲ್ ಸಭೆಗಳು, ಅವುಗಳ ಸಭಾಪಾಲಕರು, ಬಹುಪಾಲು ಎಲ್ಲವೂ ಆ ಅಲೆಯಲ್ಲಿ ಕೊಚ್ಚಿಹೋಯಿತು. ಉಳಿದದ್ದು ಅನಾಥ ಮಕ್ಕಳು. ಅಮೆರಿಕದಲ್ಲಿ ಹುಟ್ಟಿಕೊಂಡ ನಿಯರ್ ಈಸ್ಟ್ ರಿಲೀಫ್ ಎಂಬ ಪರಿಹಾರ ಸಂಸ್ಥೆ ಒಟ್ಟು ಸುಮಾರು 1,32,000 ಅನಾಥ ಮಕ್ಕಳನ್ನು ಸಾಕಿತು. ಆ ಕಾಲದಲ್ಲಿಯೇ, 1918ರಲ್ಲಿ, ಇಲ್ಲಿಂದ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯಷ್ಟು ದೂರದ ವುಸ್ಟರಿನಲ್ಲಿ ಅರ್ಮೇನಿಯನ್ ಇವ್ಯಾಂಜೆಲಿಕಲರು ಅರ್ಮೇನಿಯನ್ ಮಿಷನರಿ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಈಗ ಅದರ ಕೇಂದ್ರ ಕಚೇರಿ ನ್ಯೂಜೆರ್ಸಿಯ ಪರಾಮಸ್‌ನಲ್ಲಿದೆ, ಕೆಲಸ 20ಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ. ಊರೂರಿನ ಸಭೆಗಳು ಕೂಡಿಸುವ ಕಾಣಿಕೆಯ ದೊಡ್ಡ ಪಾಲು ಅದರ ಮೂಲಕವೇ ಹೊರದೇಶಗಳನ್ನು ತಲುಪುತ್ತದೆ. ಮಕ್ಕಳನ್ನು ಉಳಿಸಬೇಕು, ಅವರಿಗೆ ಅಕ್ಷರ ಕಲಿಸಬೇಕು ಎಂಬ ಆ ದಿನಗಳ ತುರ್ತು ಇಂದಿಗೂ ಇವರ ಆಯವ್ಯಯದಲ್ಲಿ ಎದ್ದು ಕಾಣುತ್ತದೆ.

ಶಾಲೆಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಸೇವೆಯ ಹೃದಯ ಅಲ್ಲಿದೆ. ನರಮೇಧದಿಂದ ಬದುಕುಳಿದವರು ಸಿರಿಯಾ, ಲೆಬನಾನ್‌ಗಳ ಶಿಬಿರಗಳಲ್ಲಿ ಗುಡಾರ ಹಾಕಿದಾಗ, ಪ್ರತಿ ಶಿಬಿರದಲ್ಲಿಯೂ ಪ್ರಾರ್ಥನೆಗೊಂದು ಜಾಗ, ಅದರ ಪಕ್ಕದಲ್ಲಿ ಪಾಠಕ್ಕೊಂದು ಜಾಗ ಎಂಬುದು ಇವ್ಯಾಂಜೆಲಿಕಲರ ರೂಢಿಯಾಗಿತ್ತು. ಬೈರೂತಿನ ಬುರ್ಜ್ ಹಮ್ಮೂದ್, ಬೆಕಾ ಕಣಿವೆಯ ಅಂಜರ್, ಸಿರಿಯಾದ ಅಲೆಪ್ಪೊ ಊರುಗಳ ಶಾಲೆಗಳು ಹಾಗೆ ಬೆಳೆದವು. ಅಂಜರ್‌ನ ಜನರು ಮೂಸಾ ದಾಗ್ ಬೆಟ್ಟದ ಹಳ್ಳಿಗಳನ್ನು ಬಿಟ್ಟು 1939ರಲ್ಲಿ ಬಂದವರು. ಅಲ್ಲಿನ ಇವ್ಯಾಂಜೆಲಿಕಲ್ ಶಾಲೆಗೆ ಸೇರಿದ ವಿದ್ಯಾರ್ಥಿನಿಲಯದಲ್ಲಿ ಬಡ ಮನೆಗಳ ಮಕ್ಕಳು ಉಳಿದು ಓದುತ್ತಾರೆ. 1955ರಲ್ಲಿ ಇದೇ ಅಸೋಸಿಯೇಷನ್, ಸಮೀಪಪ್ರಾಚ್ಯದ ಅರ್ಮೇನಿಯನ್ ಇವ್ಯಾಂಜೆಲಿಕಲ್ ಸಭೆಗಳ ಒಕ್ಕೂಟದೊಡನೆ ಸೇರಿ ಬೈರೂತಿನಲ್ಲಿ ಹೈಗಾಜಿಯನ್ ಕಾಲೇಜನ್ನು ತೆರೆಯಿತು. ಈಗ ವಿಶ್ವವಿದ್ಯಾಲಯವಾಗಿರುವ ಅದರಲ್ಲಿ ಅರ್ಮೇನಿಯನ್ನರಲ್ಲದವರೂ, ಬೇರೆ ಬೇರೆ ಮತಗಳವರೂ ಓದುತ್ತಾರೆ. ನಮ್ಮ ಎಂಜಿನಿಯರು ಮಿತ್ರರಿಗೆ ಹಿಡಿಸುವ ಒಂದು ಸಂಗತಿ: 1960ರ ದಶಕದ ಆರಂಭದಲ್ಲಿ ಈ ಪುಟ್ಟ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕ ಮನೂಗ್ ಮನೂಗಿಯನ್ ಅವರ ಮಾರ್ಗದರ್ಶನದಲ್ಲಿ ರಾಕೆಟ್‌ಗಳನ್ನು ಕಟ್ಟಿ ಹಾರಿಸಿದ್ದರು.

ಶಾಲೆಯೊಂದನ್ನು ನಡೆಸುವುದೆಂದರೆ ಪ್ರತಿ ತಿಂಗಳೂ ಉಪಾಧ್ಯಾಯರಿಗೆ ಸಂಬಳ ಕೊಡುವುದು. 2019ರ ನಂತರ ಲೆಬನಾನಿನ ನಾಣ್ಯ ಕುಸಿದಾಗ ಹೆತ್ತವರ ಕೈಯಲ್ಲಿ ಫೀಸು ಕಟ್ಟುವ ಶಕ್ತಿ ಉಳಿಯಲಿಲ್ಲ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸಂಭವಿಸಿದ ಸ್ಫೋಟದಿಂದ ಬುರ್ಜ್ ಹಮ್ಮೂದ್‌ನ ಮನೆಗಳ ಕಿಟಕಿ ಬಾಗಿಲುಗಳು ಒಡೆದವು. ಅಂಥ ಸಮಯದಲ್ಲಿ ದೂರದೇಶದಿಂದ ಉಕ್ಕಿ ಬರುವ ಹಣ ಕೆಲವು ವಾರಗಳಲ್ಲಿ ಬತ್ತುತ್ತದೆ. ಶಾಲೆ ಮುಂದಿನ ಜೂನ್ ತನಕ ನಡೆಯುವುದು ವರ್ಷಾವರ್ಷವೂ ಒಂದೇ ಮೊತ್ತವನ್ನು ಕಳುಹಿಸುವವರಿಂದ. ಮಗುವಿನ ಪೋಷಕತ್ವವೆಂಬ ಯೋಜನೆ ಇದೇ ತತ್ತ್ವದ ಮೇಲೆ ನಿಂತಿದೆ: ಒಬ್ಬ ದಾನಿ ಒಂದು ಮಗುವಿನ ಓದಿನ ಖರ್ಚಿಗೆ ವರ್ಷಕ್ಕಿಷ್ಟೆಂದು ಒಪ್ಪಿಕೊಂಡು, ಮಗು ಶಾಲೆ ಮುಗಿಸುವವರೆಗೂ ಕೈಬಿಡದಿರುವುದು. ಕೆಲಸ ಬದಲಾಗಬಹುದು, ವೀಸಾ ಏನಾಗುವುದೋ ಎಂಬ ಆತಂಕದಲ್ಲಿರುವ ಹೊಸಬರು ತಕ್ಷಣವೇ ಇದಕ್ಕೆ ಸಹಿ ಹಾಕುವುದು ಬೇಡವೆಂದು ನನ್ನ ಅಭಿಪ್ರಾಯ. ನಾಲ್ಕಾರು ಮನೆಗಳವರು ಕೂಡಿ ಒಂದು ಮಗುವಿನ ಹೊಣೆ ಹೊರುವುದು ಹೆಚ್ಚು ಸುರಕ್ಷಿತ. ಒಂದು ಮನೆಯವರು ಊರು ಬಿಟ್ಟರೂ ಆಗ ಮಗುವಿನ ಓದು ನಿಲ್ಲುವುದಿಲ್ಲ.

ಅರ್ಮೇನಿಯಾದ ಕೆಲಸ ಇದಕ್ಕಿಂತ ಹೊಸದು. ಸೋವಿಯತ್ ಆಳ್ವಿಕೆಯಲ್ಲಿ ಹೊರಗಿನ ಸಭೆಗಳಿಗೆ ಅಲ್ಲಿ ಬಾಗಿಲು ಮುಚ್ಚಿತ್ತು. 1988ರ ಡಿಸೆಂಬರ್ 7ರಂದು ಸ್ಪಿತಾಕ್ ಭೂಕಂಪದಲ್ಲಿ ಸುಮಾರು 25,000 ಜನ ಸತ್ತಾಗ ಆ ಬಾಗಿಲು ತೆರೆಯಿತು, ಪರಿಹಾರಕ್ಕೆಂದು ಹೋದವರು ಅಲ್ಲಿಯೇ ಉಳಿದು ಕೆಲಸ ಮುಂದುವರಿಸಿದರು. ಈಗ ಶೋಘ್ ಎಂಬ ಹೆಸರಿನ ಕೇಂದ್ರಗಳಲ್ಲಿ ಬಡ ಮನೆಗಳ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಊಟ, ಪಾಠ, ಆಟಗಳ ಏರ್ಪಾಡಿದೆ. ಯೆರೆವಾನಿನಲ್ಲಿ ಅವೆದಿಸಿಯನ್ ಶಾಲೆ ನಡೆಯುತ್ತದೆ. ಬೇಸಿಗೆಯಲ್ಲಿ ಸಾವಿರಾರು ಮಕ್ಕಳಿಗೆ ಶಿಬಿರಗಳು ನಡೆಯುತ್ತವೆ. ನಾಗೊರ್ನೊ-ಕರಾಬಾಖ್ ಸೀಮೆಗಾಗಿ ಅಜರ್‌ಬೈಜಾನಿನೊಡನೆ 2020ರಲ್ಲಿ ನಡೆದ ಯುದ್ಧದಲ್ಲಿ ಅಲ್ಲಿನ ಶುಶಿ ಅರ್ಮೇನಿಯನ್ನರ ಕೈತಪ್ಪಿತು. 2023ರ ಸೆಪ್ಟೆಂಬರಿನಲ್ಲಿ ನಾಗೊರ್ನೊ-ಕರಾಬಾಖ್‌ನಿಂದ 1 ಲಕ್ಷಕ್ಕೂ ಹೆಚ್ಚು ಜನ ಕೆಲವೇ ದಿನಗಳಲ್ಲಿ ಮನೆಮಠ ಬಿಟ್ಟು ಅರ್ಮೇನಿಯಾಕ್ಕೆ ಬಂದರು, ಅವರಿಗೆ ನೆಲೆ ಒದಗಿಸುವ ಕೆಲಸದಲ್ಲಿ ಈ ಸಭೆಯವರೂ ತೊಡಗಿದರು. ನಿಮ್ಮ ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುವ ಅಜ್ಜಿಯ ಬಂಧುಗಳು ಆ ಜನರಲ್ಲಿ ಇರಬಹುದು. ಆದ್ದರಿಂದ ಈ ಯುದ್ಧದ ರಾಜಕೀಯವನ್ನು, ಯಾರದು ಸರಿ ಯಾರದು ತಪ್ಪೆಂಬ ಚರ್ಚೆಯನ್ನು ನೀವಾಗಿ ಎತ್ತಬೇಡಿ. ಅವರು ಹೇಳಿದರೆ ಕೇಳಿಸಿಕೊಳ್ಳಿ.

ಮತಾಂತರದ ಪ್ರಶ್ನೆಯನ್ನು ನಮ್ಮವರು ಸಂಕೋಚದಿಂದ ಕೇಳುತ್ತಾರೆ, ಆದರೆ ಅದು ಕೇಳಬೇಕಾದ ಪ್ರಶ್ನೆಯೇ. ಸುವಾರ್ತೆಯನ್ನು ಸಾರುವುದು ಈ ಸಭೆಯ ನಂಬಿಕೆಯ ಅಂಗ; ಶಿಬಿರಗಳಲ್ಲಿ ಬೈಬಲ್ ಪಾಠವೂ ಪ್ರಾರ್ಥನೆಯೂ ಇರುತ್ತವೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಆದರೆ ಇವರ ಸೇವೆ ಬಹುಮಟ್ಟಿಗೆ ಅರ್ಮೇನಿಯನ್ನರ ನಡುವೆಯೇ, ಎಂದರೆ ತಲತಲಾಂತರದಿಂದ ಕ್ರೈಸ್ತರಾಗಿರುವವರ ನಡುವೆಯೇ ನಡೆಯುತ್ತದೆ. ಧಾರ್ಮಿಕ ಬೋಧನೆಗೆ ಹಣ ಕೊಡಲು ಮನಸ್ಸಿಲ್ಲದವರು ಅದನ್ನು ನೇರವಾಗಿ ಹೇಳಿ, ಶಾಲಾ ಶುಲ್ಕಕ್ಕೆ, ಆಹಾರಕ್ಕೆ ಅಥವಾ ವೈದ್ಯಕೀಯ ನೆರವಿಗೆಂದು ಉದ್ದೇಶವನ್ನು ಬರೆದೇ ಕೊಡಬಹುದು, ಯಾರೂ ಬೇಸರಪಡುವುದಿಲ್ಲ. ಹಣ ಕೊಟ್ಟಾಗ ರಸೀದಿ ಪಡೆಯಿರಿ. 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಕೊಡುಗೆಗೆ ತೆರಿಗೆ ವಿನಾಯಿತಿ ಬೇಕಾದರೆ ಸಂಸ್ಥೆಯಿಂದ ಲಿಖಿತ ಸ್ವೀಕೃತಿ ಇರಲೇಬೇಕು. ನಿಮ್ಮ ಕಂಪನಿ ನೌಕರರ ದಾನಕ್ಕೆ ಸಮನಾದ ಮೊತ್ತವನ್ನು ಸೇರಿಸುವುದಾದರೆ ಅದರ ನಿಯಮಗಳನ್ನು ಮೊದಲೇ ಓದಿ: ಅನೇಕ ಕಂಪನಿಗಳು ಆರಾಧನೆ ನಡೆಸುವ ಸಭೆಗೆ ಕೊಟ್ಟದ್ದನ್ನು ಒಪ್ಪುವುದಿಲ್ಲ, ವಿದ್ಯಾಸಂಸ್ಥೆಗೆ ಕೊಟ್ಟದ್ದನ್ನು ಒಪ್ಪುತ್ತವೆ.

ಮೊದಲ ಭೇಟಿಗೆ ಭಾನುವಾರದ ಆರಾಧನೆಯ ನಂತರದ ಕಾಫಿ ವೇಳೆ ಒಳ್ಳೆಯದು. ಸಭಾಪಾಲಕರನ್ನು ಇವರು ‘ಬದ್ವೆಲಿ’ ಎಂದು ಕರೆಯುತ್ತಾರೆ; ನೀವೂ ಹಾಗೆಯೇ ಕರೆಯಿರಿ. ‘ಪರೆವ್’ ಎಂದು ನಮಸ್ಕರಿಸಿದರೆ ಹಿರಿಯರಿಗೆ ಸಂತೋಷವಾಗುತ್ತದೆ. ಇವರ ಮಾರಾಟಮೇಳಗಳು ನನಗೆ ಮಂಗಳೂರಿನ ಚರ್ಚುಗಳ ಬೆಳೆಹಬ್ಬದ ಏಲಂನಂತೆಯೇ, ಎಂದರೆ ಹರಾಜಿನಂತೆಯೇ ಕಾಣುತ್ತವೆ. ಸಭೆಯ ಹೆಂಗಸರು ದಿನಗಟ್ಟಲೆ ಕೂಡಿ ಲಟ್ಟಿಸಿ, ಸುತ್ತಿ, ಬೇಯಿಸಿದ ತಿಂಡಿಗಳಾದ ಬೋರೆಗ್, ಪಕ್ಲವ, ಚೋರೆಗ್‌ಗಳು ಮಾರಾಟವಾಗಿ ಬರುವ ಹಣ ಸೇವಾನಿಧಿಗೆ ಸೇರುತ್ತದೆ. ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯಲೇ, ಹಿಟ್ಟು ನಾದಲೇ ಎಂದು ಕೇಳಿದ ಹೊಸಬರನ್ನು ಇವರು ಬೇಗನೆ ತಮ್ಮವರೆಂದು ಭಾವಿಸುತ್ತಾರೆ. ಶುದ್ಧ ಸಸ್ಯಾಹಾರಿಗಳು ಯಾವುದರಲ್ಲಿ ಮಾಂಸವಿದೆ, ಯಾವುದರಲ್ಲಿ ಮೊಟ್ಟೆಯಿದೆ ಎಂದು ಮೊದಲೇ ವಿಚಾರಿಸಬೇಕು. ಏಪ್ರಿಲ್ 24 ನರಮೇಧದಲ್ಲಿ ಅಳಿದವರ ಸ್ಮರಣೆಯ ದಿನ. ಅಂದು ಬೇರೆ ಕಾರ್ಯಕ್ರಮಗಳ ಮಾತು ಬೇಡ. ಸಾಧ್ಯವಾದರೆ ಸ್ಮರಣೆಯ ಕೂಟಕ್ಕೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ.

ಹಣಕ್ಕಿಂತ ಸಮಯವನ್ನು ಕೊಡಬಯಸುವವರಿಗೆ ಕೆಲವು ಮಾತುಗಳು. ಎಚ್-1ಬಿ ವೀಸಾದಲ್ಲಿರುವವರು, ಕೆಲಸದ ಪರವಾನಗಿ ಇಲ್ಲದ ಎಚ್-4 ವೀಸಾದವರು ಸಂಬಳವಿಲ್ಲದ, ಸ್ವಯಂಸೇವಕರೇ ಎಂದಿನಂತೆ ಮಾಡುವ ಕೆಲಸವನ್ನು ಮಾತ್ರ ಮಾಡಬೇಕು. ಕೆಲಸಕ್ಕೆ ಪ್ರತಿಯಾಗಿ ಗೌರವಧನ ಕೊಡುತ್ತೇವೆಂದರೆ ವಿನಯದಿಂದ ಬೇಡವೆನ್ನಿ. ಮಕ್ಕಳ ನಡುವೆ ಕೆಲಸ ಮಾಡುವುದಾದರೆ ಮ್ಯಾಸಚೂಸೆಟ್ಸಿನಲ್ಲಿ ಕೋರಿ ಎಂಬ ಹಿನ್ನೆಲೆ ತಪಾಸಣೆಗೆ ಒಪ್ಪಿಗೆ ಬರೆದುಕೊಡಬೇಕಾಗುತ್ತದೆ, ಅದು ಎಲ್ಲರಿಗೂ ಇರುವ ನಿಯಮ, ಅದರಿಂದ ನೊಂದುಕೊಳ್ಳಬಾರದು. ಕಾಲೇಜು ಸೇರಲಿರುವ ನಿಮ್ಮ ಮಕ್ಕಳು ಬೇಸಿಗೆಯ ತಂಡದೊಡನೆ ಅರ್ಮೇನಿಯಾಕ್ಕೆ ಹೋಗಬಯಸಿದರೆ, ಅಲ್ಲಿ ಅವರು ಮಾಡುವುದು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು, ಆಟ ಆಡಿಸುವುದು, ಊಟ ಬಡಿಸುವುದು ಎಂಬುದನ್ನು ಮೊದಲೇ ತಿಳಿಸಿ. ಹೋಗುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಇಲ್ಲಿನ ಭಾನುವಾರ ಶಾಲೆಯಲ್ಲಿ ನೆರವಾದವರಿಗೆ ಅಲ್ಲಿನ ಕೆಲಸ ಸುಲಭವಾಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ಅರ್ಮೇನಿಯಾದ ವೀಸಾ ನಿಯಮವನ್ನು ಆಯಾ ವರ್ಷದಲ್ಲಿಯೇ ರಾಯಭಾರ ಕಚೇರಿಯಿಂದ ತಿಳಿದುಕೊಳ್ಳಬೇಕು, ಮರಳಿ ಬರಲು ಬೇಕಾದ ಅಮೆರಿಕದ ವೀಸಾ ಮುದ್ರೆಯ ಅವಧಿ ಉಳಿದಿದೆಯೇ ಎಂದು ಟಿಕೆಟ್ ಕೊಳ್ಳುವ ಮುನ್ನ ನೋಡಬೇಕು. ಲೆಬನಾನಿಗೆ ಹೋಗುವವರ ಪಾಸ್‌ಪೋರ್ಟಿನಲ್ಲಿ ಇಸ್ರೇಲಿನ ಮುದ್ರೆ ಇದ್ದರೆ ಅಲ್ಲಿ ಒಳಗೆ ಬಿಡುವುದಿಲ್ಲ. ಬೇಸಿಗೆಯ ತಂಡಗಳಿಗೆ ಹೆಸರು ಬರೆಸುವುದು ತಿಂಗಳುಗಳ ಮೊದಲೇ ಆರಂಭವಾಗುವುದರಿಂದ, ಹೊಸವರ್ಷ ಕಳೆದೊಡನೆ ಸಭೆಯ ಕಚೇರಿಯಲ್ಲಿ ವಿಚಾರಿಸಿ.