ಸೆಕೆಂಡ್ ಹ್ಯಾಂಡ್ ಪಿಕಪ್: ಇಂಜಿನ್ನಿನ ಡೀಸೆಲ್ ಪಂಪನ್ನ ಮುಟ್ಟುವ ಮುಂಚೆ ನಾನು ಮಾಡಿಸಿದ ಕೆಲಸ

ಹಳೇ ಡೀಸೆಲ್ ಪಿಕಪ್ ತಗೊಂಡವರು ಮೊದಲು ದುಡ್ಡು ಸುರಿಯೋದು ಟೈರಿಗೆ, ಆಮೇಲೆ ಪೇಂಟಿಗೆ, ಮಿಕ್ಕಿದ್ದು ಹಾರನ್ನಿಗೆ. ಡೀಸೆಲ್ ಲೈನು, ಅಂದರೆ ಟ್ಯಾಂಕಿನಿಂದ ಇಂಜಿನ್ನಿಗೆ ಡೀಸೆಲ್ ಒಯ್ಯೋ ಪೈಪು, ಫಿಲ್ಟರು, ಪಂಪು, ನೆನಪಾಗೋದು ಗಾಡಿ ನಿಂತ ಮೇಲೇನೆ. ನನ್ನದು 2018ರ ಬಿಎಸ್4 (ಹಿಂದಿನ ಹೊಗೆ ನಿಯಮದ) ಬೊಲೆರೊ ಪಿಕಪ್. ಕೆಲಸ ಟೊಮೆಟೊ ಬಾಕ್ಸ್ ಹೊಡೆಯೋದು. ಕೋಲಾರ ಎಪಿಎಂಸಿಯಲ್ಲಿ ಲೋಡ್ ಆದ ಮಾಲು ಬೆಳಕು ಹರಿಯೋ ಮುಂಚೆ ಚೆನ್ನೈನ ಕೋಯಂಬೇಡು ಮಾರುಕಟ್ಟೆ ಮುಟ್ಟಬೇಕು. ಆಂಧ್ರದ ಪಲಮನೇರು ದಾಟಿ ಗಾಡಿ ಕೈಕೊಟ್ಟರೆ ಬಾಡಿಗೆ ಮಾತ್ರ ಹೋಗಲ್ಲ, ಮಾಲಿನವನ ರೇಟೂ ಹೋಗುತ್ತೆ, ಮುಂದಿನ ಲೋಡೂ ಹೋಗುತ್ತೆ. ಹಾಗಾಗಿ ಏನೂ ಕೆಡದೇ ಇರುವಾಗಲೇ ಡೀಸೆಲ್ ಲೈನಿಗೆ ಕೈ ಹಾಕಿದೆ.

ಗ್ಯಾರೇಜಿನವನ ಮೊದಲ ಮಾತು ಇದು: "ಅಣ್ಣಾ, ನಾಲ್ಕೂ ಇಂಜೆಕ್ಟರ್ ಬಿಚ್ಚಿ ಲ್ಯಾಬಿಗೆ ಕಳಿಸಿಬಿಡಣ." ಇಂಜೆಕ್ಟರ್ ಅಂದರೆ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸೋ ಭಾಗ. ನಾನು ಬೇಡ ಅಂದೆ. ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಪಂಪು ಒತ್ತಿದ ಡೀಸೆಲ್ 'ರೈಲ್' ಅನ್ನೋ ಒಂದೇ ಕೊಳವೆಯಿಂದ ಎಲ್ಲಾ ಇಂಜೆಕ್ಟರಿಗೂ ಹೋಗೋ ಗಾಡಿಯಲ್ಲಿ, ಪಂಪು, ಇಂಜೆಕ್ಟರ್ ತಾವಾಗಿಯೇ ಸಾಯೋದು ಕಮ್ಮಿ. ಕೊಳೆ, ನೀರು ಒಳಗೆ ಹೋಗಿ ಸಾಯಿಸುತ್ತವೆ. ಇಂಜೆಕ್ಟರ್ ಒಳಗಿನ ಸಂದು ಎರಡು ಮೂರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ನಮ್ಮ ತಲೆಗೂದಲು ಎಪ್ಪತ್ತರ ಆಸುಪಾಸು. ಅಲ್ಲಿ ಸಾವಿರಕ್ಕೂ ಮಿಕ್ಕಿದ ಬಾರ್ ಒತ್ತಡದಲ್ಲಿ ಓಡೋ ಡೀಸೆಲ್‌ನಲ್ಲಿ ಕಣ್ಣಿಗೆ ಕಾಣದ ದೂಳಿದ್ದರೂ ಅದು ಮರಳುಕಾಗದದ ಕೆಲಸ ಮಾಡುತ್ತೆ. ನೀರು ಹೋದರೆ ಇನ್ನೂ ಕೆಟ್ಟದ್ದು: ಡೀಸೆಲ್ಲಿನ ಜಿಡ್ಡೇ ಪಂಪಿಗೆ ಆಯಿಲ್, ನೀರಿಗೆ ಆ ಜಿಡ್ಡಿಲ್ಲ, ಮೇಲಿಂದ ತುಕ್ಕು. ಸುಟ್ಟು ಕೆಂಡವಾಗಿರೋ ನಾಜಲ್ (ಇಂಜೆಕ್ಟರಿನ ಬಾಯಿ) ತುದಿಯಲ್ಲಿ ನೀರು ಆವಿಯಾಗಿ ಸಿಡಿದರೆ ತುದಿಯೇ ಕಿತ್ತು ಬರಬಹುದು. ದುಡ್ಡು ಹಾಕೋದಾದರೆ ಪಂಪಿಗಿಂತ ಹಿಂದೆ ಹಾಕಬೇಕು, ಅಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಲೋ ಪ್ರೆಷರ್ ಕಡೆ. ಹೈ ಪ್ರೆಷರ್ ಕಡೆ ಕಾರಣವಿಲ್ಲದೆ ಬಿಚ್ಚೋದೇ ಒಂದು ರಿಸ್ಕು; ಬಿಚ್ಚಿದಾಗ ಹೋಗೋ ದೂಳನ್ನ ಹಿಡಿಯೋಕೆ ಅದರ ಮುಂದೆ ಫಿಲ್ಟರ್ ಇಲ್ಲ.

ಆದರೆ ಮೊದಲು ಪಂಪು ಆಗಲೇ ಹೋಗಿದೆಯಾ ಅಂತ ಗೊತ್ತಾಗಬೇಕಲ್ಲ. ಅದಕ್ಕೆ ಗಾಡಿಯಲ್ಲಿದ್ದ ಹಳೇ ಡೀಸೆಲ್ ಫಿಲ್ಟರನ್ನ ಕತ್ತರಿಸಿ ನೋಡಿದೆ. ಹ್ಯಾಕ್ಸಾದಲ್ಲಿ ಕುಯ್ಯಬೇಡಿ, ಗರಗಸದ ಪುಡಿ ಒಳಗೆ ಬಿದ್ದು ಪಂಪಿನ ಪುಡಿ ಯಾವುದು, ಬ್ಲೇಡಿನದು ಯಾವುದು ತಿಳಿಯಲ್ಲ. ಪೈಪ್ ಕಟರ್ ಥರದ್ದರಲ್ಲಿ ಸುತ್ತ ತಿರುಗಿಸಿ ತೆಗೀಬೇಕು. ಮಡಿಕೆ ಮಡಿಕೆ ಕಾಗದವನ್ನ ಬಿಸಿಲಲ್ಲಿ ಹರಡಿದರೆ ಗಾಡಿಯ ಜಾತಕ ಅಲ್ಲೇ ಇರುತ್ತೆ. ಕಂದು ಪುಡಿ ಇದ್ದರೆ ಟ್ಯಾಂಕ್ ತುಕ್ಕು. ಕಪ್ಪು ಲೋಳೆ ಇದ್ದರೆ ನೀರು ಬಹಳ ದಿನ ನಿಂತು, ನೀರು ಡೀಸೆಲ್ ಸೇರೋ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದಿದೆ ಅಂತ. ಬೆಳ್ಳಿ ಥರ ಮಿಣುಕೋ ಪುಡಿ ಇದ್ದರೆ ಮಾತ್ರ ಭಯಪಡಬೇಕು, ಪಂಪು ತನ್ನನ್ನೇ ತಾನು ತಿಂತಿದೆ. ಮಿಕ್ಕ ಡೀಸೆಲ್ ವಾಪಸ್ ಬರೋ ರಿಟರ್ನ್ ಲೈನಿನಲ್ಲಿ ಆ ಪುಡಿ ಟ್ಯಾಂಕಿಗೆ ಬಂದು ಮತ್ತೆ ಫಿಲ್ಟರಿಗೆ ಬರುತ್ತೆ. ಗಾಡಿ ಕೊಳ್ಳೋ ಮುಂಚೆಯೇ ಇದು ನೋಡಲು ಬಿಟ್ಟರೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಮಾರೋನು ಒಪ್ಪಲ್ಲ ಅಂದರೆ ಹೊಸ ಫಿಲ್ಟರ್ ದುಡ್ಡು ನೀವೇ ಕೊಡಿ. ನನ್ನದರಲ್ಲಿ ಕಂದು ಪುಡಿ, ಸ್ವಲ್ಪ ಲೋಳೆ. ಮಿಣುಕೋದು ಇರಲಿಲ್ಲ.

ಎರಡನೇದು ಲೀಕ್ ಆಫ್ ಪರೀಕ್ಷೆ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಟ್ಯೂಬ್ ತೆಗೆದು ಒಂದೊಂದಕ್ಕೂ ಒಂದೇ ಅಳತೆಯ ಬಾಟಲಿ ಕಟ್ಟಿ, ಐಡ್ಲಿಂಗಲ್ಲಿ ಓಡಿಸಿ ಯಾವುದು ಎಷ್ಟು ತುಂಬಿತು ನೋಡೋದು. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ನನ್ನದು ನಾಲ್ಕೂ ಹೆಚ್ಚುಕಮ್ಮಿ ಒಂದೇ ಸಮ. ಸ್ಕ್ಯಾನರಲ್ಲಿ ರೈಲ್ ಪ್ರೆಷರ್ ಕೂಡ ಎಷ್ಟು ಕೇಳಿದರೆ ಅಷ್ಟು ಬರ್ತಿತ್ತು. ಲ್ಯಾಬಿನ ಮಾತು ಅಲ್ಲಿಗೆ ಮುಗೀತು.

ಆಮೇಲೆ ಟ್ಯಾಂಕ್ ಇಳಿಸಿದ್ವಿ. ಲೈನಿನ ಕೆಲಸದಲ್ಲಿ ಇದನ್ನೇ ಎಲ್ಲರೂ ತಪ್ಪಿಸಿಕೊಳ್ಳೋದು, ಯಾಕೆಂದರೆ ಗಲೀಜು, ಭಾರ, ಬೋಲ್ಟ್ ಜಾಮು. ತುಕ್ಕು ಇದ್ದದ್ದು ತಳದಲ್ಲಿ ಅಲ್ಲ, ಮೇಲ್ಭಾಗದಲ್ಲಿ. ಹಿಂದಿನವರು ಇನ್ನೂರು ಮುನ್ನೂರು ರೂಪಾಯಿ ಲೆಕ್ಕದಲ್ಲಿ ಡೀಸೆಲ್ ಹಾಕಿಸಿ ಓಡಿಸಿದ್ದಿರಬೇಕು. ಟ್ಯಾಂಕ್ ಅರ್ಧಕ್ಕಿಂತ ಖಾಲಿ ಇದ್ದರೆ ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯ ತೇವ ಬರೀ ತಗಡಿನ ಮೇಲೆ ಬೆವರಿ ಕೆಳಗಿಳಿಯುತ್ತೆ. ತಳದಲ್ಲಿದ್ದ ಡೀಸೆಲ್ಲನ್ನ ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿ ಇಟ್ಟಾಗ ಬೆಳಿಗ್ಗೆ ಅಡಿಯಲ್ಲಿ ಬೇರೆಯೇ ಒಂದು ಪದರ ಕಂಡಿತು. ಟ್ಯಾಂಕನ್ನ ಡೀಸೆಲ್ಲಿಂದಲೇ ತೊಳೆದು, ಬಿಸಿಲಿಗೆ ಒಣಗಿಸಿ, ಒಳಗಿನ ಜಾಲರಿ ಬದಲಾಯಿಸಿ, ಗಾಳಿಯಾಡೋ ಬ್ರೀದರ್ ಪೈಪ್ ಊದಿ ನೋಡಿ ಕೂರಿಸಿದ್ವಿ. ಒಳಗೆ ಕೋಟಿಂಗ್ ಹೊಡೆಸ್ತೀನಿ ಅಂದವನಿಗೆ ಬೇಡ ಅಂದೆ. ಆ ಪೊರೆ ಎಂದಾದರೂ ಎದ್ದರೆ ಪಂಪು ಡೀಸೆಲ್ ಎಳೆಯೋ ಸಕ್ಷನ್ ಪೈಪಿಗೆ ಹೋಗಿ ಕೂರುತ್ತೆ. ತುಕ್ಕು ಜಾಸ್ತಿ ಇದ್ದರೆ ಬೇರೆ ಟ್ಯಾಂಕೇ ಸರಿ.

ಹೋಸುಗಳೆಲ್ಲ ಹೊಸದು, ಡೀಸೆಲ್‌ಗೇ ಅಂತ ಬರೋದು. ಕ್ಲಾಂಪ್ ಕೂಡ ಗಿಯರ್ ಪಟ್ಟಿಯದಲ್ಲ, ಅಂಚು ಸಮವಾಗಿ ಸುತ್ತೋದು, ಹೋಸ್ ಕೊಯ್ಯದಿರೋದು. ಸಕ್ಷನ್ ಕಡೆ ಹೋಸ್ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಎಳೆಯುತ್ತೆ. ನೆಲ ಒಣಗಿರುತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾತ್ರ ಆಗಲ್ಲ. ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಟ್ಯೂಬ್ ತಾತ್ಕಾಲಿಕವಾಗಿ ಹಾಕಿ ಓಡಿಸಿದರೆ ಗುಳ್ಳೆ ಕಾಣುತ್ತೆ. ಪರೀಕ್ಷೆ ಮುಗಿದ ಮೇಲೆ ಅದನ್ನ ಅಲ್ಲೇ ಉಳಿಸಬಾರದು, ಬಿಸಿಗೆ ಗಟ್ಟಿಯಾಗುತ್ತೆ.

ಮುಖ್ಯ ಕೆಲಸ ಅಂದರೆ ಎಕ್ಸ್‌ಟ್ರಾ ಪ್ರೀ ಫಿಲ್ಟರ್: ಡೀಸೆಲ್ಲಿಂದ ನೀರು ಬೇರ್ಪಡಿಸೋ, ಕೆಳಗೆ ಬೌಲ್ ಇರೋ ವಾಟರ್ ಸಪರೇಟರ್. ಕಂಪನಿ ಫಿಲ್ಟರ್ ಇದ್ದಲ್ಲೇ ಇರಬೇಕು, ಇದು ಅದಕ್ಕೆ ಮುಂಚೆ. ಅಂಗಡಿಯವನು 10 ಮೈಕ್ರಾನಿನದು ಒಳ್ಳೇದು ಅಂದ. ನಾನು 30ರದ್ದು ತಗೊಂಡೆ. ನನ್ನ ಗಾಡಿಯಲ್ಲಿ ಪಂಪೇ ಟ್ಯಾಂಕಿನಿಂದ ಎಳೆದುಕೊಳ್ಳಬೇಕು. ಸಕ್ಷನ್ ಕಡೆ ಸಣ್ಣ ಜರಡಿ ಇಟ್ಟರೆ ಅದು ಬೇಗ ಕಟ್ಟಿಕೊಂಡು ಪಂಪು ಉಸಿರುಗಟ್ಟುತ್ತೆ; ಸಣ್ಣದನ್ನ ಹಿಡಿಯೋಕೆ ಕಂಪನಿ ಫಿಲ್ಟರ್ ಇದ್ದೇ ಇದೆಯಲ್ಲ. ಸೈಲೆನ್ಸರಿನ ಬಿಸಿಗೂ ಚಕ್ರದ ಕಲ್ಲಿಗೂ ದೂರ ಇರೋ ಜಾಗ ನೋಡಿ, ಇದ್ದ ತೂತಿಗೇ ಬ್ರಾಕೆಟ್ ಬಿಗಿಸಿದ್ವಿ. ಚಾಸಿಗೆ ಹೊಸ ತೂತು ಹೊಡೆಯೋದು ಬೇಡವೇ ಬೇಡ. ಬೌಲಿಗೆ ತಗಡಿನ ಗಾರ್ಡ್ ಕೂಡ.

ನೀರು ಇಳಿಸೋದರಲ್ಲಿ ಒಂದು ಸೂಕ್ಷ್ಮ ಇದೆ. ಬೌಲು ಟ್ಯಾಂಕಿನ ಡೀಸೆಲ್ ಮಟ್ಟಕ್ಕಿಂತ ಮೇಲಿದ್ದರೆ, ಕೆಳಗಿನ ಸ್ಕ್ರೂ ಸಡಿಲಿಸಿದಾಗ ನೀರು ಇಳಿಯೋ ಬದಲು ಗಾಳಿ ಮೇಲೇರುತ್ತೆ. ಮೇಲಿನ ವೆಂಟ್ (ಗಾಳಿ ಬಿಡೋ ಸ್ಕ್ರೂ) ಸಡಿಲಿಸಿ, ನೀರು ಇಳಿಸಿ, ಎರಡೂ ಮುಚ್ಚಿ, ಪ್ರೈಮರ್ (ಡೀಸೆಲ್ ತುಂಬಿಸೋ ಕೈಪಂಪು) ಒತ್ತಿ ಗಟ್ಟಿಯಾದ ಮೇಲೇ ಸ್ಟಾರ್ಟ್ ಮಾಡಬೇಕು. ಬೆಳಿಗ್ಗೆ ಗಾಡಿ ಅಲುಗಾಡೋ ಮುಂಚೆ ಮಾಡಬೇಕು. ರಾತ್ರಿಯೆಲ್ಲ ನಿಂತ ನೀರು ಆಗ ಅಡಿಯಲ್ಲಿರುತ್ತೆ. ಮಳೆಗಾಲದಲ್ಲಿ ದಿನಾ ನೋಡ್ತೀನಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ.

ಕಂಪನಿ ಫಿಲ್ಟರ್ ಹೊಸದು ಹಾಕುವಾಗ ಎಷ್ಟೋ ಕಡೆ ಬೇಗ ಸ್ಟಾರ್ಟ್ ಆಗಲಿ ಅಂತ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿಸ್ತಾರೆ. ಮಧ್ಯದ ತೂತಿಗೆ ಸುರಿದಿದ್ದು ಸಾಮಾನ್ಯವಾಗಿ ಸೋಸಿ ಬರೋ ಕಡೆಯದ್ದು, ಅಂದರೆ ಸೋಸದ ಡೀಸೆಲ್ ನೇರ ಪಂಪಿಗೆ. ಖಾಲಿಯೇ ಹಾಕಿ, ಪ್ರೈಮರ್ ಒತ್ತಿ. ಕೈ ನೋಯುತ್ತೆ, ಅಷ್ಟೇ. ಬನಿಯನ್ ವೇಸ್ಟಲ್ಲಿ ಯೂನಿಯನ್ (ಪೈಪಿನ ಜೋಡಣೆ) ಒರೆಸೋದೂ ಬೇಡ, ಕೆಡಿಸೋಕೆ ಅದರ ನಾರೇ ಸಾಕು. ಇಂಜಿನ್ ಓಡ್ತಿರುವಾಗ ಇಂಜೆಕ್ಟರ್ ಪೈಪ್ ಸಡಿಲಿಸಿ "ಯಾವುದು ಮಿಸ್ಸಿಂಗ್" ನೋಡೋದು ಹಳೇ ಪಂಪಿನ ಕಾಲದ ಅಭ್ಯಾಸ. ಕಾಮನ್ ರೈಲಲ್ಲಿ ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಬೆರಳೇ ಹೋಗಬಹುದು.

ಮಾಡಿಸದೇ ಬಿಟ್ಟದ್ದೂ ಇದೆ. ಟ್ಯಾಂಕಿನಿಂದ ತಳ್ಳೋ ಕರೆಂಟ್ ಪಂಪ್ ಹಾಕಿಸು ಅಂತ ಕೆಲವರು ಹೇಳಿದ್ರು. ಅಮೆರಿಕದ ದೊಡ್ಡ ಪಿಕಪ್ಪುಗಳಿಗೆ ಅದು ಹೆಸರಾದ ಬದಲಾವಣೆ. ಅಲ್ಲಿ 2011ರಿಂದ 2016ರವರೆಗಿನ 6.6 ಲೀಟರ್ ಡ್ಯುರಾಮ್ಯಾಕ್ಸ್ (ಜನರಲ್ ಮೋಟಾರ್ಸ್‌ನ ಡೀಸೆಲ್ ಇಂಜಿನ್) ಗಾಡಿಗಳಲ್ಲಿ ಬಾಶ್ ಕಂಪನಿಯ ಸಿಪಿ4 ಅನ್ನೋ ಹೈ ಪ್ರೆಷರ್ ಪಂಪು ಇತ್ತು, ಟ್ಯಾಂಕಿನಿಂದ ತಳ್ಳೋ ಪಂಪು ಇರಲಿಲ್ಲ. ಪಂಪಿನೊಳಗಿನ ರೋಲರ್ ಅಡ್ಡ ತಿರುಗಿ ಲೋಹದ ಪುಡಿ ಇಡೀ ಲೈನಿಗೆ ಹೋದ ಪ್ರಕರಣ ಬಹಳ. ಅದು ಅಲ್ಲಿನ ಮಾತು. ನಮ್ಮ ಪಂಪಿನ ಒಳಹರಿವು ಎಷ್ಟು ಒತ್ತಡ ತಡೆಯುತ್ತೆ ಅಂತ ಅಳೆಯದೆ ತಳ್ಳಿದರೆ ಸೀಲ್ ಹೋಗುತ್ತೆ. ಬಾಟಲಿಯಲ್ಲಿ ಬರೋ ಮೈಲೇಜ್ ಔಷಧಿಗೂ ದುಡ್ಡು ಕೊಡಲಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್‌ನಲ್ಲಿ ಗಂಧಕ ಹೆಚ್ಚೆಂದರೆ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು), ಗಂಧಕ ತೆಗೆಯುವಾಗ ಜಿಡ್ಡೂ ಕಮ್ಮಿಯಾಗುತ್ತೆ; ಆದರೂ ಜಿಡ್ಡಿನ ಗುಣಕ್ಕೆ ಬೇರೆ ಮಿತಿ ಇದೆ, ಅದಕ್ಕೆ ಬೇಕಾದ್ದನ್ನ ಬೆರೆಸಿಯೇ ಬರುತ್ತೆ.

ಇನ್ನು ಬಂಕು. ಆಂಧ್ರದಲ್ಲಿ ದರ ಜಾಸ್ತಿ ಅಂತ ಗಡಿಯ ನಂಗಲಿ ದಾಟೋ ಮುಂಚೆಯೇ ಎಲ್ಲರೂ ಫುಲ್ ಮಾಡಿಸ್ತಾರೆ, ನಾನೂ. ಟ್ಯಾಂಕರ್ ಇಳಿಸ್ತಿದ್ದರೆ ಮಾತ್ರ ಮುಂದಿನ ಬಂಕಿಗೆ ಹೋಗ್ತೀನಿ. ನೆಲದ ಟ್ಯಾಂಕಿನ ತಳ ಆಗ ಕದಡಿರುತ್ತೆ. ಅನುಮಾನ ಬಂದರೆ ಡೆನ್ಸಿಟಿ (ಸಾಂದ್ರತೆ) ನೋಡಬೇಕು ಅಂತ ಕೇಳಿ. ಎರಡನ್ನೂ 15 ಡಿಗ್ರಿ ಸೆಲ್ಸಿಯಸ್ ಲೆಕ್ಕಕ್ಕೆ ತಂದಾಗ, ಬೆಳಿಗ್ಗೆ ಬರೆದಿಟ್ಟಿದ್ದಕ್ಕೂ ಈಗಿನದಕ್ಕೂ ಘನ ಮೀಟರಿಗೆ 3 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ತೋರಿಸೋಕೆ ಗೊಣಗುವ ಬಂಕಿಗೆ ನಾನು ಮತ್ತೆ ಹೋಗಲ್ಲ. ಲೂಸ್ ಬಯೋ ಡೀಸೆಲ್ ಅಂತ ಅಗ್ಗಕ್ಕೆ ಕೊಡೋರ ಹತ್ತಿರ ಅಂತೂ ಕ್ಯಾನೂ ತಗೊಂಡು ಹೋಗಲ್ಲ.

ಸೀಟಿನ ಹಿಂದೆ ಒಂದು ಸೀಲ್ ಒಡೆಯದ ಕಂಪನಿ ಫಿಲ್ಟರ್, ಒಂದು ಪ್ರೀ ಫಿಲ್ಟರ್, ಎರಡು ಕ್ಲಾಂಪ್, ಒಂದು ಮೊಳ ಹೋಸು, ಫಿಲ್ಟರ್ ಬಿಚ್ಚೋ ಸ್ಟ್ರಾಪ್ ಪಾನಾ ಇವೆ. ಎಲ್ಲಾ ಕೆಲಸಕ್ಕೂ ಸೇರಿ ಆದ ಖರ್ಚು ಒಂದು ಹೊಸ ಇಂಜೆಕ್ಟರಿನ ಬೆಲೆಯನ್ನೂ ಮುಟ್ಟಲಿಲ್ಲ. ಈ ಮಳೆಗಾಲ ಮುಗಿದ ಮೇಲೆ ಫಿಲ್ಟರ್ ಮತ್ತೆ ಕತ್ತರಿಸಿ ನೋಡೋದಿದೆ. ಕಂದು ಪುಡಿ ಇನ್ನೂ ಬರ್ತಿದ್ದರೆ ಟ್ಯಾಂಕೇ ಬದಲಾಯಿಸ್ತೀನಿ.