ಉಪ್ಪಿನ ಪದರದಡಿ ಎರಡು ನಿಕಲ್ ಮಿಶ್ರಲೋಹಗಳು: ನನ್ನ ಅನುಭವ

ಗ್ಯಾಸ್ ಟರ್ಬೈನ್ ಬ್ಲೇಡುಗಳಿಗೆ ಬಳಸುವ ಎರಡು ನಿಕಲ್ ಮಿಶ್ರಲೋಹಗಳ ಹಾಟ್ ಕರೋಷನ್ (ಕಾದ ಲೋಹವನ್ನು ಅದರ ಮೇಲೆ ಕರಗಿದ ಲವಣದ ಪದರ ತಿನ್ನುವುದು) ನಿರೋಧವನ್ನು ಹೋಲಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಫಲಿತಾಂಶವನ್ನು ನಾನು ಮೊದಲೇ ಊಹಿಸಿಬಿಟ್ಟಿದ್ದೆ. ಐಎನ್-713ಎಲ್‌ಸಿಯಲ್ಲಿ ಸುಮಾರು 6% ಅಲ್ಯೂಮಿನಿಯಂ, 12% ಕ್ರೋಮಿಯಂ ಮತ್ತು 4.5% ಮಾಲಿಬ್ಡಿನಂ ಇರುತ್ತವೆ. ಐಎನ್-738ಎಲ್‌ಸಿಯಲ್ಲಿ ಅಲ್ಯೂಮಿನಿಯಂ 3.4%, ಟೈಟಾನಿಯಮ್ಮೂ ಅಷ್ಟೇ, ಕ್ರೋಮಿಯಂ 16%, ಮಾಲಿಬ್ಡಿನಂ ಮಾತ್ರ 1.7%. ಬರಿಯ ಗಾಳಿಯಲ್ಲಿ ಕಾಯಿಸಿದಾಗ ಮೊದಲನೆಯದರ ಮೇಲೆ ತೆಳುವಾದ, ಬಿಗಿಯಾದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪದರ ಕಟ್ಟಿದ್ದರಿಂದ, ಲವಣದಡಿಯಲ್ಲೂ ಅದೇ ಗೆಲ್ಲುವುದೆಂದು ಎಣಿಸಿದ್ದೆ.

ತುಣುಕುಗಳನ್ನು 600 ಸಂಖ್ಯೆಯ ಎಮರಿ ಕಾಗದದಿಂದ ಉಜ್ಜಿ, ಅಸಿಟೋನಿನಲ್ಲಿ ತೊಳೆದು, ಬಿಸಿ ಮಾಡಿದ ಮೇಲ್ಮೈಗೆ ಸೋಡಿಯಂ ಸಲ್ಫೇಟ್ ದ್ರಾವಣವನ್ನು ಸಿಂಪಡಿಸಿದೆ. ಚದರ ಸೆಂಟಿಮೀಟರಿಗೆ 2ರಿಂದ 3 ಮಿಲಿಗ್ರಾಂ ಲವಣ ಉಳಿಯುವಂತೆ ನೋಡಿಕೊಂಡೆ. ಕುಲುಮೆಯ ತಾಪ 900 ಡಿಗ್ರಿ ಸೆಲ್ಸಿಯಸ್. ಈ ಲವಣ 884 ಡಿಗ್ರಿಯಲ್ಲಿ ಕರಗುವುದರಿಂದ, ತಾಪ ಇಪ್ಪತ್ತು ಡಿಗ್ರಿ ತಗ್ಗಿದರೂ ನಡೆಯುವುದು ಬೇರೆಯೇ ಪರೀಕ್ಷೆ; ಆದ್ದರಿಂದ ತಾಪ ಅಳೆಯುವ ಥರ್ಮೋಕಪಲ್ ಅನ್ನು ತುಣುಕಿನ ಪಕ್ಕಕ್ಕೇ ತಂದಿಟ್ಟಿದ್ದೆ.

ಕಾಯಿಸಿ, ತಣಿಸಿ, ತೂಗುವ ಮೊದಲ ಕೆಲವು ಸುತ್ತುಗಳಲ್ಲಿ ತಕ್ಕಡಿ ಏನನ್ನೂ ಹೇಳಲಿಲ್ಲ. ಆಮೇಲೆ ಐಎನ್-713ಎಲ್‌ಸಿಯ ಅಂಚುಗಳಲ್ಲಿ ಸರಂಧ್ರವಾದ ಹಕ್ಕಳೆ ಎದ್ದು ಉದುರತೊಡಗಿತು. ಹಾಗಿದ್ದೂ ತೂಕದ ವ್ಯತ್ಯಾಸ ಚಿಕ್ಕದಾಗಿಯೇ ಕಾಣುತ್ತಿತ್ತು, ಏಕೆಂದರೆ ಆಕ್ಸಿಜನ್ ಸೇರಿ ಹೆಚ್ಚಿದ ತೂಕವನ್ನು ಉದುರಿದ ಹಕ್ಕಳೆ ಮತ್ತು ಆವಿಯಾಗಿ ಹೋಗುವ ಮಾಲಿಬ್ಡಿನಂ ಆಕ್ಸೈಡ್ ಸೇರಿ ಸರಿದೂಗಿಸುತ್ತಿದ್ದವು. ನಿಜಸ್ಥಿತಿ ತಿಳಿದದ್ದು ತುಣುಕನ್ನು ಅಡ್ಡಲಾಗಿ ಕತ್ತರಿಸಿ, ಉಳಿದ ಗಟ್ಟಿ ಲೋಹದ ದಪ್ಪವನ್ನು ಅಳೆದಾಗಲೇ. (ಮೊದಲ ತುಣುಕನ್ನು ಅಭ್ಯಾಸಬಲದಿಂದ ನೀರು ಹಾಕಿ ಪಾಲಿಷ್ ಮಾಡಿ, ನೋಡಬೇಕಾಗಿದ್ದ ಸಲ್ಫೇಟನ್ನೆಲ್ಲ ತೊಳೆದುಹಾಕಿದ್ದೆ, ಅನಂತರ ಸೀಮೆಎಣ್ಣೆಯನ್ನೇ ಬಳಸಿದೆ.)

ಮಾಲಿಬ್ಡಿನಂ ಆಕ್ಸೈಡ್ ಕರಗಿದ ಸಲ್ಫೇಟಿನಲ್ಲಿ ಬೆರೆತು ಅದನ್ನು ಆಮ್ಲೀಯಗೊಳಿಸುತ್ತದೆ. ಆಮ್ಲೀಯ ಲವಣ ಅಲ್ಯೂಮಿನಾ ಪದರವನ್ನು ಕರಗಿಸುತ್ತದೆ. ಬಯಲಾದ ಲೋಹದಿಂದ ಇನ್ನಷ್ಟು ಮಾಲಿಬ್ಡಿನಂ ಲವಣಕ್ಕೆ ಸೇರುತ್ತದೆ. ಹೊಸ ಲವಣ ಬೀಳದಿದ್ದರೂ ಈ ಚಕ್ರ ನಿಲ್ಲುವುದಿಲ್ಲ. ಕ್ರೋಮಿಯಂ ಹೆಚ್ಚಿರುವ ಐಎನ್-738ಎಲ್‌ಸಿಯಲ್ಲಿ ಪದರದ ಕೆಳಗೆ ಕ್ರೋಮಿಯಂ ಸಲ್ಫೈಡಿನ ಬಿಡಿ ಕಣಗಳು ಕಂಡವೇ ಹೊರತು ಲೋಹ ಬಹುಪಾಲು ಉಳಿದಿತ್ತು. ಇಲ್ಲಿ ಕ್ರೋಮಿಯಂ ಹೆಚ್ಚಳ, ಮಾಲಿಬ್ಡಿನಂ ಇಳಿಕೆ ಎರಡೂ ಒಟ್ಟಿಗೇ ಇದ್ದುದರಿಂದ, ಯಾವುದರ ಪಾಲು ಎಷ್ಟೆಂದು ಈ ಜೋಡಿಯಿಂದ ಬೇರ್ಪಡಿಸಲಾಗದು. ವರದಿಯಲ್ಲಿ ಹಾಗೆಯೇ ಬರೆದೆ.

ಕ್ರೋಮಿಯಂ ಅನ್ನು ಬೇಕಾದಷ್ಟು ಏರಿಸಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಅತಿಯಾದರೆ ಸಿಗ್ಮಾ ಹಂತ ಎಂಬ ಪೆಡಸಾದ ಹರಳುಗಳು ಲೋಹದೊಳಗೆ ಹುಟ್ಟುತ್ತವೆ. ಅದನ್ನು ತಪ್ಪಿಸಲು ಅಲ್ಯೂಮಿನಿಯಂ, ಟೈಟಾನಿಯಂಗಳನ್ನು ಇಳಿಸಿದರೆ, ಅವುಗಳಿಂದಲೇ ಆಗುವ, ಲೋಹಕ್ಕೆ ಬಲ ಕೊಡುವ ಗಾಮಾ ಪ್ರೈಮ್ ಎಂಬ ಸಣ್ಣ ಕಣಗಳ ಪಾಲು ಕುಗ್ಗುತ್ತದೆ. ಬ್ಲೇಡಿಗೆ ಲೇಪನ ಕೊಡುವುದು ಈ ಕಾರಣಕ್ಕೇ. 700 ಡಿಗ್ರಿಯ ಆಸುಪಾಸಿನಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ: ಕೋಬಾಲ್ಟ್ ಸಲ್ಫೇಟ್ ಸೋಡಿಯಂ ಸಲ್ಫೇಟಿನೊಡನೆ ಸೇರಿ 565 ಡಿಗ್ರಿಯಲ್ಲೇ ಕರಗಬಲ್ಲುದರಿಂದ, ಕೋಬಾಲ್ಟ್ ಹೆಚ್ಚಿರುವ ಲೇಪನಗಳನ್ನು ನಾನು 900ರ ಫಲಿತಾಂಶವೊಂದನ್ನೇ ನೋಡಿ ಒಪ್ಪುವುದಿಲ್ಲ.